ಮಾವನವರ ಇನ್ನೊಂದು ಸುತ್ತು

ಹರಪನಹಳ್ಳಿ ಸೀಮೆಯಲ್ಲಿ ನನ್ನ ಮಾವನವರಷ್ಟು ಬೋಲ್ಟು ಮುರಿದ ಮನುಷ್ಯ ಇನ್ನೊಬ್ಬನಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಸಾಕ್ಷಿ ಬೇಕೆ? ಅವುಗಳಲ್ಲಿ ಮುಕ್ಕಾಲು ಪಾಲನ್ನು ಕಿತ್ತು ತೆಗೆದವನು ನಾನೇ. ಉಳಿದ ಕಾಲು ಪಾಲು ನನ್ನ ಮದುವೆಗೆ ಮುಂಚಿನದು, ಅದರ ಪಾಪ ಯಾರು ಹೊತ್ತರೋ ಗೊತ್ತಿಲ್ಲ.

ನಾನು ಐದನೆಯ ಕ್ಲಾಸಿಗೇ ಸಾಲಿ ಬಿಟ್ಟವನು. ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಮರೆ ಕಟ್ಟಿಕೊಂಡು ಮೋಟಾರ್‌ಸೈಕಲ್ ರಿಪೇರಿ ಮಾಡುತ್ತ ಬಂದವನು. ಓದಿನ ವಿಷಯದಲ್ಲಿ ಯಾರು ಏನೇ ಅನ್ನಲಿ, ತಲೆ ತಗ್ಗಿಸುತ್ತೇನೆ. ಕೈಗೆಲಸದ ವಿಷಯದಲ್ಲಿ ಮಾತ್ರ ತಗ್ಗಿಸುವುದಿಲ್ಲ. ನನ್ನ ಕೈಯಲ್ಲಿ ಒಂದೇ ಒಂದು ಬೋಲ್ಟೂ ಮುರಿದದ್ದಿಲ್ಲ. ಈ ಮಾತನ್ನು ದಿನಕ್ಕೆರಡು ಸಲ ಹೇಳುತ್ತಿದ್ದೆ. ಗಿರಾಕಿ ಕೇಳದಿದ್ದರೂ ಹೇಳುತ್ತಿದ್ದೆ. ಅಂಥವನಿಗೆ ದೇವರು ಹುಡುಕಿ ಹುಡುಕಿ ಇಂಥ ಮಾವನನ್ನು ಕೊಟ್ಟ.

ಮಾವನವರದು ಚಿಗಟೇರಿ. ಬಂಡಿಗೆ ಗಾಲಿ ಮಾಡುವ ಬಡಿಗತನ. ಮರದ ಗಾಲಿಗೆ ಕಬ್ಬಿಣದ ಹಳಿ ಏರಿಸುವುದನ್ನು ನೀವು ನೋಡಿರಬಹುದು. ಹಳಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಸಿ, ಗಾಲಿಯ ಸುತ್ತ ಕೂರಿಸಿ, ಮೇಲೆ ನೀರು ಸುರಿಯುತ್ತಾರೆ. ಹಳಿ ಕುಗ್ಗಿ ಗಾಲಿಯನ್ನು ಹಿಂಡಿ ಹಿಡಿಯುತ್ತದೆ. ಎಷ್ಟು ಬಿಗಿಯೋ ಅಷ್ಟು ಬಾಳಿಕೆ. ಇದು ಬಂಡಿಗೆ ಸತ್ಯ. ಮಾವನವರು ಇದನ್ನು ಇಡೀ ಜಗತ್ತಿಗೆ ಸತ್ಯ ಎಂದು ತಿಳಿದರು. ಊರೂರಿಗೆ ಹೋಗಿ ಹಳಿ ಏರಿಸಲು ಅನುಕೂಲವಾಗಲೆಂದು, ಮಿಲಿಟರಿಯವರು ಹರಾಜಿಗೆ ಬಿಟ್ಟ ಹಳೆಯ ಮೋಟಾರ್‌ಸೈಕಲ್ಲೊಂದನ್ನು ಕೊಂಡು ತಂದರು ನೋಡಿ, ಅಂದಿನಿಂದ ಆ ಇಂಜಿನ್ನೂ ಒಂದು ಗಾಲಿಯಾಯಿತು. ಅದರ ಮೈ ಅಲ್ಯುಮಿನಿಯಂ, ಬೋಲ್ಟು ಕಿರುಬೆರಳಿಗಿಂತ ಸಣ್ಣದು. ಬೋಲ್ಟು ಗಟ್ಟಿಯಾಗಿ ಕೂತ ಮೇಲೂ ಅವರು ಬೋಲ್ಟು ತಿರುಗಿಸುವ ಪಾನಾದ ಹಿಡಿಗೆ ಮೊಳದುದ್ದದ ಪೈಪು ತೊಡಿಸಿ, "ಇನ್ನೊಂದು ಸುತ್ತು" ಎನ್ನುವರು. ಆ ಇನ್ನೊಂದು ಸುತ್ತಿನಲ್ಲಿ 'ಟಕ್'. ಬೋಲ್ಟಿನ ತಲೆ ಅವರ ಕೈಯಲ್ಲಿ, ಮುಂಡ ಇಂಜಿನ್ನಿನಲ್ಲಿ.

"ಮಾವಾರ, ಭಾಳ ಬಿಗದ್ರಿ" ಎಂದರೆ ಉತ್ತರ ಸಿದ್ಧವಿರುತ್ತಿತ್ತು.

"ಈಗಿನ ಕಬ್ಬಿಣದಾಗ ಸತ್ವ ಇಲ್ರಿ ಅಳಿಯಂದ್ರ. ಬೋಲ್ಟಲ್ಲ ಇದು, ಜ್ವಾಳದ ದಂಟು."

ನಾನು ಅಳಿಯನಾದದ್ದೂ ಒಂದು ಮುರಿದ ಬೋಲ್ಟಿನಿಂದಲೇ. ಹೆಣ್ಣು ನೋಡಲು ಹೋದ ದಿನ ಬಿಳಿ ಅಂಗಿ ತೊಟ್ಟು ಅವರ ಪಡಸಾಲೆಯಲ್ಲಿ ಕೂತಿದ್ದೆ. ಹುಡುಗಿ ಬರುವ ಮೊದಲು ಗೋಣಿಚೀಲದ ಮೇಲೆ ಇಂಜಿನ್ನು ಬಂತು. ಜೊತೆಗೆ ಬಂದಿದ್ದ ನನ್ನ ದೊಡ್ಡಪ್ಪ ಗಾಬರಿಯಾಗಿ ಜಾತಕದ ಮಾತೆತ್ತಿದ.

"ಜಾತಕ ಆಮ್ಯಾಲೆ ನೋಡೂಣ್ರಿ. ಮೊದಲು ಹುಡುಗ ಈ ತುಂಡು ತೆಗೀಲಿ" ಎಂದರು ಮಾವನವರು.

ಮುರಿದ ಬೋಲ್ಟು ತೆಗೆಯುವುದು ಜೋರಿನ ಕೆಲಸವಲ್ಲ, ಪುಸಲಾಯಿಸುವ ಕೆಲಸ. ತುಂಡಿನ ಸುತ್ತ ಸೀಮೆಎಣ್ಣೆ ಬಿಟ್ಟು ಕಾಯಬೇಕು. ನಟ್ಟನಡುವೆ ಗುರುತು ಹೊಡೆದು, ಕೈ ಡ್ರಿಲ್ಲಿನಿಂದ ಸಣ್ಣ ತೂತು ಕೊರೆಯಬೇಕು. ಹಳೆಯ ಅರದ ಚೂಪು ಬಾಲವನ್ನು ಆ ತೂತಿಗೆ ಬಡಿದು ಕೂರಿಸಿ ಎಡಕ್ಕೆ ತಿರುಗಿಸಬೇಕು, ಮಲಗಿದ ಕೂಸಿನ ಮುಷ್ಟಿಯಿಂದ ಚಮಚ ಬಿಡಿಸಿದ ಹಾಗೆ. ಸಲಕರಣೆಯನ್ನೆಲ್ಲ ಮಾವನವರು ಮೊದಲೇ ಜೋಡಿಸಿಟ್ಟಿದ್ದರು. ಸೀಮೆಎಣ್ಣೆ ಮಾತ್ರ ಒಳಗಿತ್ತು. ಅದನ್ನು ಹಿಡಿದು ಬಂದವಳೇ ಹುಡುಗಿ. ನನ್ನ ಹೆಂಡತಿಯ ಮುಖವನ್ನು ನಾನು ಮೊದಲು ನೋಡಿದ್ದು ಸೀಮೆಎಣ್ಣೆ ಬಾಟಲಿಯ ಹಿಂದೆ.

"ಸಾವಕಾಶ ತಿರುವ್ರಿ" ಎಂದು ಪಿಸುಗುಟ್ಟಿದಳು. "ನಮ್ಮಪ್ಪ ಪೈಪ್ ಹಾಕಿ ಬಿಗದಾನ."

ತುಂಡು ಹೊರಗೆ ಬಂತು. ಮಾವನವರು ಅದನ್ನು ತಗಡಿನ ಡಬ್ಬಿಯೊಂದಕ್ಕೆ ಹಾಕಿ ಅಲುಗಾಡಿಸಿದರು. ಒಳಗೆ ಆಗಲೇ ಒಂದು ಸಂತೆ ನೆರೆದಿತ್ತು. "ಹೆಣ್ಣು ಕೊಟ್ಟೆ" ಎಂದರು. ಪರೀಕ್ಷೆ ಮುಗಿಯಿತೆಂದು ನಾನು ತಿಳಿದೆ. ಹೆಣ್ಣು ಕೊಟ್ಟದ್ದು ಒಂದೇ ಸಲ. ಮುರಿದ ಬೋಲ್ಟು ಮಾತ್ರ ತಿಂಗಳು ತಿಂಗಳೂ ಬಂತು.

ಅವರ ಗಾಡಿ ನನ್ನ ಅಂಗಡಿ ಮುಂದೆ ನಿಂತರೆ ಸಾಕು, ಬಸ್ಸಿಗೆ ಕಾಯುವವರೆಲ್ಲ ಇಂಜಿನಿಯರುಗಳಾಗುತ್ತಿದ್ದರು. ಶೇಂಗಾ ದಲಾಲಿ "ಬೆಂಕಿ ಹಚ್ರಿ" ಎನ್ನುವನು. ಮೇಷ್ಟರೊಬ್ಬರು ಶಾಖಕ್ಕೆ ಲೋಹ ಹಿಗ್ಗುವ ಪಾಠ ಶುರು ಮಾಡಿ, ಕೊಟ್ಟೂರಿನ ಬಸ್ಸು ಬಂದೊಡನೆ ಪಾಠವನ್ನೂ ಬೋಲ್ಟನ್ನೂ ಅರ್ಧಕ್ಕೆ ಬಿಟ್ಟು ಓಡುವರು. ಮಾವನವರಿಗೆ ಇವರ ಮೇಲೆ ಅಪಾರ ಗೌರವ. "ಓದಿದೋರು ಹೇಳ್ತಾರ, ಕೇಳ್ರಿ ಅಳಿಯಂದ್ರ" ಎನ್ನುವರು. ನಾನು ಕೇಳುತ್ತಿರಲಿಲ್ಲ. ಲೋಹ ಹಿಗ್ಗುತ್ತದೆ ಎಂಬುದು ಓದಿದವರಿಗೆ ಗೊತ್ತು. ಎಲ್ಲಿಗೆ ಕಾಸುವುದನ್ನು ನಿಲ್ಲಿಸಬೇಕು ಎಂಬುದು ಬೆರಳು ಸುಟ್ಟುಕೊಂಡವನಿಗೆ ಮಾತ್ರ ಗೊತ್ತು.

ಒಮ್ಮೆ ಅತ್ತೆಯವರನ್ನು ಹಿಂದೆ ಕೂರಿಸಿಕೊಂಡು ಹಲವಾಗಲಿನ ನೆಂಟರ ಮನೆಗೆ ಹೊರಟರು. ಹೊರಡುವ ಮುಂಚೆ, ದಾರಿ ದೂರ ಎಂದು ಎಲ್ಲ ಬೋಲ್ಟಿಗೂ ಒಂದೊಂದು ಸುತ್ತು ಹೆಚ್ಚಿಗೆ ಹಾಕಿದ್ದರು. ಅರ್ಧ ದಾರಿಯಲ್ಲಿ ಎರಡು ಬೋಲ್ಟು ಒಟ್ಟಿಗೇ ಕೈಕೊಟ್ಟು, ಇಂಜಿನ್ನಿನ ಎಣ್ಣೆಯೆಲ್ಲ ಅತ್ತೆಯವರ ಹೊಸ ಸೀರೆಗೆ ಅಭಿಷೇಕವಾಯಿತು. ಯಾರದೋ ಕೈಯಲ್ಲಿ ಹೇಳಿಕಳಿಸಿದರು. ನಾನು ಸಲಕರಣೆಯ ಚೀಲ ಹೊತ್ತು ಹೋದಾಗ ಇಬ್ಬರೂ ಜಾಲಿಗಿಡದ ನೆರಳಿನಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದರು.

"ಇವರ ಕೈಯಾಗ ಇಷ್ಟು ವರ್ಷ ಮುರೀದ ಉಳದಾಕಿ ನಾನೊಬ್ಬಾಕಿ ನೋಡಪ್ಪ" ಎಂದರು ಅತ್ತೆ. "ಆ ಗಾಡಿ ಮಾರು ಅನ್ನು ನಿಮ್ಮ ಮಾವಗ."

ಮಾವನವರು ತಿರುಗಿ ಕೂಡ ನೋಡಲಿಲ್ಲ. "ನನ್ನ ಕೈಯಾಗ ಬಿಗಿಯೂ ಶಕ್ತಿ ಇರೂ ತನಕ ಗಾಡಿ ನಂದು. ಕೈ ಸಡ್ಲಾದ ದಿನ ನಾನಾ ಮಾರ್ತೀನಿ. ಗಾಡಿ ಹೋದ್ರ ಊರೂರು ತಿರುಗೂದು ಹೋತು, ಹಳಿ ಏರಿಸೂದೂ ಹೋತು. ಆಮ್ಯಾಲೆ ಕಟ್ಟಿ ಮ್ಯಾಲೆ ಕುಂತು ಕೆಮ್ಮಕಂತ ಇರ್ತೀನಿ, ನೀನು ಖುಷಿಯಾಗಿರು."

ಹೇಳಿದರೆ ಹೇಳಿದ ಹಾಗೆ ಮಾಡುವ ಮನುಷ್ಯ. ಅತ್ತೆ ಮತ್ತೆ ಆ ಮಾತೆತ್ತಲಿಲ್ಲ.

ಆಮೇಲೆ ಕೆಲವು ವರ್ಷ ಕಳೆದವು. ರಬ್ಬರ್ ಟೈರಿನ ಬಂಡಿಗಳು ಬಂದು ಮರದ ಗಾಲಿ ಕಡಿಮೆಯಾದರೂ ಮಾವನವರ ತಿರುಗಾಟ ನಿಲ್ಲಲಿಲ್ಲ. ಒಂದು ಬೆಳಗ್ಗೆ ಗಾಡಿ ತಂದು ನಿಲ್ಲಿಸಿದರು. ಇಂಜಿನ್ನಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ನಿನ್ನಿ ಹೊಸ ಪ್ಯಾಕಿಂಗ್ ಹಾಕಿ, ಪೈಪ್ ಹಚ್ಚಿ ಬಿಗದೀನಿ. ಎಷ್ಟು ಮುರದಾವೋ ಬಿಚ್ಚಿ ನೋಡ್ರಿ" ಎಂದು ಹೇಳಿ ಹೊರಗಿನ ಹಲಗೆಯ ಮೇಲೆ ಕೂತರು.

ನಾನು ಸೀಮೆಎಣ್ಣೆ, ಡ್ರಿಲ್ಲು, ಅರ ಎಲ್ಲ ಹರಡಿಕೊಂಡೆ. ಮೊದಲ ಬೋಲ್ಟಿಗೆ ಪಾನಾ ಹಚ್ಚಿದೆ. ಮುಟ್ಟಿದೊಡನೆ ತಿರುಗಿತು. ಎರಡನೆಯದನ್ನು ಬೆರಳಿನಿಂದಲೇ ತಿರುಗಿಸಿದೆ, ಬಂತು. ಏಳಕ್ಕೆ ಏಳೂ ಹಾಗೇ ಇದ್ದವು. ಒಂದೂ ಮುರಿದಿರಲಿಲ್ಲ. ಒಂದೂ ಬಿಗಿಯಿರಲಿಲ್ಲ.

ಹೊರಗೆ ನೋಡಿದೆ. ಮಾವನವರು ಬಲಗೈಯನ್ನು ಎಡಗೈಯಲ್ಲಿ ಹಿಡಿದು, ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಳ್ಳುತ್ತಿದ್ದರು.

ನಿಜ ಹೇಳಿದ್ದರೆ ಮಧ್ಯಾಹ್ನದೊಳಗೆ ಗಾಡಿ ಯಾರದೋ ಪಾಲಾಗುತ್ತಿತ್ತು. ಆರು ಬೋಲ್ಟನ್ನು ನಾನೇ ಸರಿಯಾಗಿ ಬಿಗಿದೆ. ಏಳನೆಯದಕ್ಕೆ ಬಂದಾಗ ಗಾಡಿಯ ಚೀಲದಲ್ಲಿದ್ದ ಅವರದೇ ಪೈಪನ್ನು ತೆಗೆದು ಪಾನಾಕ್ಕೆ ತೊಡಿಸಿದೆ. ಕೂತ ಮೇಲೆ ಇನ್ನೊಂದು ಸುತ್ತು. ಟಕ್. ಅಷ್ಟು ವರ್ಷಗಳಲ್ಲಿ ನನ್ನ ಕೈಯಲ್ಲಿ ಮುರಿದ ಮೊದಲ ಬೋಲ್ಟು.

ತಲೆಯನ್ನು ತಂದು ಅವರ ಅಂಗೈಗೆ ಹಾಕಿದೆ. "ಒಂದು ಮುರದೈತಿ ಮಾವಾರ. ನೀವು ಬಿಗದಾಗನಾ ಬಿರಿದಿತ್ತು ಅಂತ ಕಾಣ್ತೈತಿ, ಪಾನಾ ಹಚ್ಚಿದ ಕೂಡ್ಲೆ ಕೈಗೆ ಬಂತು. ಎಷ್ಟರ ಬಿಗೀತೀರೋ ಏನೋ."

ಅವರು ಅದನ್ನು ಬಿಸಿಲಿಗೆ ಹಿಡಿದು ನೋಡಿದರು. ಮೊದಲೇ ಬಿರಿದ ಬೋಲ್ಟಾದರೆ ಆ ಬಿರುಕಿಗೆ ಎಣ್ಣೆ ಇಳಿದು ಕಪ್ಪಾಗಿರುತ್ತದೆ. ಈಗ ತಾನೇ ಮುರಿದದ್ದು ಸಕ್ಕರೆಯ ಹಾಗೆ ಹೊಳೆಯುತ್ತದೆ. ಇದು ನನಗೂ ಗೊತ್ತಿತ್ತು, ಆ ಹೊತ್ತಿಗೆ ಮರೆತಿದ್ದೆ. ಜೀವಮಾನವೆಲ್ಲ ಕಬ್ಬಿಣದ ಜೊತೆ ಬಾಳಿದವರು ಮರೆಯುತ್ತಾರೆಯೇ?

ಹೆಗಲಚೀಲದಿಂದ ಮುರಿದ ತುಂಡುಗಳ ಆ ತಗಡಿನ ಡಬ್ಬಿ ತೆಗೆದರು. ಮುಚ್ಚಳ ಬಿಚ್ಚಿದರು. ಮತ್ತೆ ಮುಚ್ಚಿದರು. ಬೋಲ್ಟಿನ ತಲೆಯನ್ನು ನನ್ನ ಕೈಗೇ ವಾಪಸು ಕೊಟ್ಟರು.

"ಇದು ನನ್ನ ಡಬ್ಬಿದಲ್ಲ. ನೀನಾ ಇಟ್ಕ."

ಅದನ್ನು ಜೇಬಿಗೆ ಇಳಿಸಿದೆ. ಕೊನೆಗೆ ಕೇಳಿದೆ, "ಗಾಡಿ ಮಾರ್ತೀರೇನ್ರಿ?"

ಅವರು ಗಾಡಿಯ ಕಡೆ ನೋಡಿದರು, ರಸ್ತೆಯ ಕಡೆ ನೋಡಿದರು. "ಯಾಕ ಮಾರ್ಲಿ? ಇನ್ಮ್ಯಾಲೆ ಬಿಗಿಯೂದು ನಿಂದು, ಓಡ್ಸೂದು ನಂದು" ಎಂದರು. ಆಮೇಲೆ ಮೆಲ್ಲಗೆ, "ಕೈ ಕೊಡೋ, ಏಳ್ತೀನಿ."

ಕೈ ಕೊಟ್ಟೆ. ಅವರ ಹಿಡಿತ ಸಡಿಲವಿತ್ತು. ನಾನು ಬೇಕಾದದ್ದಕ್ಕಿಂತ ಒಂದಿಷ್ಟು ಹೆಚ್ಚೇ ಬಿಗಿಯಾಗಿ ಹಿಡಿದೆ. ಆ ಸಲ ಏನೂ ಮುರಿಯಲಿಲ್ಲ.