ಅಂಧೇರಿ ದಾಟಿದ ಪ್ರತ್ಯಯ

ನನಗೆ ವಿದ್ವಾಂಸರ ಮೇಲೆ ದ್ವೇಷವಿಲ್ಲ. ಕೂತ ವಿದ್ವಾಂಸರ ಮೇಲೆ ಮಾತ್ರ ಇದೆ. ಆರಾಮಾಗಿ ಕೂತವನೊಬ್ಬ ನಿಂತವನಿಗೆ ಜ್ಞಾನ ಹಂಚುವುದನ್ನು ಕಂಡರೆ ನನ್ನ ಮೈ ಉರಿಯುತ್ತದೆ. ನಿಂತವನು ನಾನೇ ಆಗಿದ್ದರಂತೂ ಮಂಡಿಯೂ ಉರಿಯುತ್ತದೆ. ಎರಡೂ ಮಂಡಿ ಸವೆದಿವೆ ಎಂದು ಡಾಕ್ಟರು ಎಕ್ಸ್‌ರೇ ತೋರಿಸಿಯೇ ಹೇಳಿದ್ದಾರೆ.

ನಾನು ಗೋರೆಗಾಂವ್‌ನಲ್ಲಿ ಚರ್ಚ್‌ಗೇಟಿಗೆ ಹೋಗುವ ಲೋಕಲ್ ರೈಲು ಹತ್ತುವವನು. ಬೊರಿವಲಿಯಲ್ಲೇ ತುಂಬಿ ಬರುವ ಗಾಡಿಯಲ್ಲಿ ನನಗೆ ಸೀಟು ಕನಸಿನ ಮಾತು. ಆದರೆ ನಮ್ಮ ಡಬ್ಬಾದಲ್ಲಿ ದಿನವೂ ಒಟ್ಟಿಗೆ ಹೋಗುವ ಕನ್ನಡಿಗರ ಗುಂಪೊಂದಿದೆ, ಆ ಗುಂಪಿಗೊಂದು ಕಟ್ಟಳೆಯಿದೆ: ಬೊರಿವಲಿಯಿಂದ ಕೂತು ಬಂದವರು ಅಂಧೇರಿಯಲ್ಲಿ ಎದ್ದು, ನಿಂತವರನ್ನು ಕೂರಿಸಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೂ ನಡೆದುಕೊಂಡು ಬಂದಿದೆ. ವಿಜಯಪುರದ ಸೀರೆ ವ್ಯಾಪಾರಿ ಪಾಟೀಲರ ದೇಹ ಭಾರಿ. ಏಳುವುದು ನಿಧಾನವಾಗುತ್ತದೆಂದು ಅವರು ಒಂದು ಸ್ಟೇಷನ್ ಮೊದಲೇ, ಜೋಗೇಶ್ವರಿಯಲ್ಲೇ, ಏಳಲು ಶುರು ಮಾಡುತ್ತಾರೆ. ಏಳದವರು ಒಬ್ಬರೇ, ನನ್ನ ಪಾಲಿನ ಸೀಟಿನಲ್ಲಿ ಕೂತ ಧಾರವಾಡದ ಕಟ್ಟಿಯವರು.

ಕಟ್ಟಿಯವರು ಫೋರ್ಟಿನ ಯಾವುದೋ ಕಚೇರಿಯಲ್ಲಿ ಫೈಲು ನೋಡುತ್ತಾರೆ. ಕಾಲೇಜಿನಲ್ಲಿ ಎರಡು ವರ್ಷ ಸಂಸ್ಕೃತ ಓದಿದ್ದರಂತೆ; ಉಳಿದ ಪಾಂಡಿತ್ಯವೆಲ್ಲ ಮೊಬೈಲಿನ ನಿಘಂಟಿನಲ್ಲಿದೆ. ಗಾಡಿ ಜೋಗೇಶ್ವರಿ ಬಿಟ್ಟಿತೋ ಇಲ್ಲವೋ, ಉಪನ್ಯಾಸ ಶುರು. ಹೋದ ತಿಂಗಳೆಲ್ಲ ‘ಪ್ರತ್ಯಯ’ ಎಂಬ ಒಂದೇ ಪದ. “ನೋಡ್ರಿ, ವ್ಯಾಕರಣದಾಗ ಧಾತುವಿಗೆ ಹತ್ತಿಕೊಳ್ಳೂದು ಪ್ರತ್ಯಯ,” ಎನ್ನುತ್ತ ತಾವು ಸೀಟಿಗೆ ಹತ್ತಿಕೊಂಡಿರುತ್ತಾರೆ. ಮರುದಿನ, “ಮರಾಠ್ಯಾಗ ಪ್ರತ್ಯಯ ಬಂತು ಅಂದ್ರ ಸ್ವಂತ ಅನುಭವಕ್ಕ ಬಂತು ಅಂತ.” ಅದರ ಮರುದಿನ, “ಸಂಸ್ಕೃತದಾಗ ನಂಬಿಕಿ ಅಂತನೂ ಅರ್ಥ ಅದ.” ಅಂಧೇರಿ ಬರುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿ, ಬೆರಳೆತ್ತಿ ಉದಾಹರಣೆ ಕೊಡುತ್ತಿರುತ್ತಾರೆ. ಅರ್ಧ ವಾಕ್ಯದಲ್ಲಿರುವವರನ್ನು ‘ಏಳಿ’ ಎನ್ನುವುದು, ಎಲೆಯ ಮುಂದೆ ಕೂತವರನ್ನು ಎಬ್ಬಿಸಿದ ಹಾಗೆ. ಆ ವಾಕ್ಯವೋ, ದಾದರ್ ಬಂದರೂ ಮುಗಿಯುವುದಿಲ್ಲ. ಮುಗಿದ ಮೇಲೆ, “ಇನ್ನೇನ್ರಿ, ಚರ್ಚ್‌ಗೇಟ್ ಬಂದಂಗ ಆತು,” ಎಂದು ಇನ್ನೂ ಸರಿಯಾಗಿ ಒರಗುತ್ತಾರೆ. ಪಾಟೀಲರು ಮಾತ್ರ “ಹೌದ್ರಿ?” ಎಂದು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಸೀರೆ ಮಾರುವವರಿಗೆ ಪ್ರತ್ಯಯ ಕಟ್ಟಿಕೊಂಡು ಏನಾಗಬೇಕೋ!

ಕಳೆದ ಮಂಗಳವಾರ ನನ್ನ ತಾಳ್ಮೆ ಕೆಟ್ಟಿತು. ಕಟ್ಟಿಯವರು, “ಪಾಲಿ ಭಾಷಾದಾಗ ಇದ ಶಬ್ದ ಪಚ್ಚಯ ಆಗ್ತದ. ಅಲ್ಲಿ ಅದರ ಅರ್ಥ ಏನಪಾ ಅಂದ್ರ...” ಎಂದು ಬೆರಳೆತ್ತಿದ್ದರು. ಗಾಡಿ ಅಂಧೇರಿಯಲ್ಲಿ ನಿಂತಿತು.

“ಕಟ್ಟಿಯವರೇ, ಅಂಧೇರಿ ಬಂತು. ಏಳಿ,” ಎಂದೆ.

ಜಗಳಕ್ಕೆ ಸಿದ್ಧನಾಗಿದ್ದ ನನಗೆ ನಿರಾಸೆಯಾಯಿತು. ಅವರು ವಾಕ್ಯವನ್ನು ಅಲ್ಲಿಗೇ ಬಿಟ್ಟು, ಎತ್ತಿದ ಬೆರಳು ಮಡಚಿ ಎದ್ದರು. ನಾನು ಕೂತೆ. ಮಂಡಿಗಳಿಗೆ ಸ್ವರ್ಗ ಸಿಕ್ಕಿತು, ನನಗೆ ಗೆದ್ದ ಖುಷಿ. ಪಾರ್ಲೆ ಹೋಯಿತು, ಸಾಂತಾಕ್ರೂಜ್ ಹೋಯಿತು. ಪಾಟೀಲರು ನನ್ನನ್ನು ಹೊಸ ಸೀರೆಗೆ ಕತ್ತರಿ ಹಾಕಿದವನಂತೆ ನೋಡುತ್ತಿದ್ದರು. ನೋಡಿಕೊಳ್ಳಲಿ ಎಂದು ನಾನು ಕಿಟಕಿಯ ಕಡೆ ತಿರುಗಿದೆ. ಆದರೆ ಖಾರ್ ಬರುವಷ್ಟರಲ್ಲಿ ತಲೆಯೊಳಗೆ ಹುಳ ಹೊಕ್ಕಿತ್ತು. ಪಾಲಿಯಲ್ಲಿ ಏನಂತೆ? ನನಗೆ ಪಾಲಿಯೂ ಬೇಡ, ಪ್ರಾಕೃತವೂ ಬೇಡ. ಆದರೂ ತಡೆಯಲಾಗಲಿಲ್ಲ.

“ಅಲ್ಲ, ಪಾಲಿಯಲ್ಲಿ ಏನರ್ಥ ಅಂದ್ರಿ?” ಎಂದೆ, ದೊಡ್ಡ ವಿಷಯವೇನಲ್ಲ ಎಂಬಂತೆ.

ಕಟ್ಟಿಯವರು ಮೇಲಿನ ಹಿಡಿಕೆಗೆ ಜೋತುಬಿದ್ದು, ನನ್ನ ಕಡೆ ನೋಡದೆ ಹೇಳಿದರು: “ಅದು ನಿಂತು ಹೇಳೂವಂಥಾದ್ದಲ್ರೀ.”

ಬಾಂದ್ರಾದಲ್ಲಿ ನಾನೇ ಎದ್ದು, ಕೈಯಿಂದ ಸೀಟು ಒರೆಸಿ, “ಕೂತ್ಕೊಳ್ಳಿ,” ಎಂದೆ. ಕಟ್ಟಿಯವರು ಕೂತರು, ಕಾಲು ಚಾಚಿದರು, ಕನ್ನಡಕ ಸರಿಮಾಡಿಕೊಂಡರು.

“ಕಾರಣ,” ಎಂದು ಹೇಳಿ ಕಣ್ಣು ಮುಚ್ಚಿದರು. ಅಷ್ಟೇ. ಆ ಮೂರಕ್ಷರಕ್ಕಾಗಿ ನಾನು ಚರ್ಚ್‌ಗೇಟ್‌ವರೆಗೆ ನಿಂತೆ.