ಎದುರಿನವರ ಕುರ್ಚಿಯಲ್ಲಿ ಕೂಡಿಸುವ ನಮ್ಮ ಅಕ್ಕ

ನಮ್ಮ ಅಕ್ಕ ಇರುವ ಓಣಿಯಲ್ಲಿ ನೀವು ನೆಮ್ಮದಿಯಿಂದ ಜಗಳಾಡುವಂತಿಲ್ಲ! ಒಂದು ಬೈಗುಳ ಹೊರಬಿತ್ತೋ ಇಲ್ಲವೋ, "ಬರ್ರಿ, ಕೂಡ್ರಿ" ಎಂದು ಎರಡು ಕುರ್ಚಿ ಹಾಕಿಬಿಡುತ್ತಾಳೆ. ಇಳಕಲ್ಲಿನಲ್ಲಿ ಶಾಲೆಯ ಟೀಚರಾದ ಆಕೆ ಬಾಗಲಕೋಟೆಗೆ ಹೋಗಿ ಮಧ್ಯಸ್ಥಿಕೆಯ ತರಬೇತಿ ಮುಗಿಸಿ ಬಂದಳು ನೋಡಿ, ಅಂದಿನಿಂದ ಓಣಿಯ ಜಗಳಗಳ ಮಜಾವೇ ಹೋಯಿತು.

ಆಕೆಯ ಪದ್ಧತಿಯೇ ವಿಚಿತ್ರ. ನಿಮ್ಮ ತಕರಾರು ನೀವು ಹೇಳುವ ಹಾಗಿಲ್ಲ. ಎದುರಿನವರ ಕುರ್ಚಿಯಲ್ಲಿ ಕೂತು, ಅವರೇ ಆಗಿ, ಅವರ ತಕರಾರು ಹೇಳಬೇಕು! ಬೆಂಚಿನ ಜಾಗಕ್ಕಾಗಿ ಜಡೆ ಹಿಡಿದು ಜಗ್ಗಾಡಿದ್ದ ಇಬ್ಬರು ಹುಡುಗಿಯರನ್ನು ಹೀಗೆ ಕೂಡಿಸಿದಾಗ, ಒಬ್ಬಳು ಗೆಳತಿಯ ಪರವಾಗಿ ಥಟ್ಟನೆ, "ತಪ್ಪೆಲ್ಲಾ ನಂದರಿ ಟೀಚರ್, ನನಗ ನಾಕು ಬಾರಸ್ರಿ" ಎಂದಳಂತೆ!

ನೇಕಾರ ಮತ್ತು ಪಕ್ಕದ ಮನೆಯ ಮಿರ್ಚಿ ಭಜಿ ಅಂಗಡಿಯವನ ಪ್ರಕರಣ ಇನ್ನೂ ಚೆಂದ. ಇವನಿಗೆ ಭಜಿಯ ಹೊಗೆ, ಅವನಿಗೆ ಮಗ್ಗದ ಸಪ್ಪಳ. ಕುರ್ಚಿ ಬದಲಿಸಿದ್ದೇ ತಡ, ಇಬ್ಬರೂ ಕರಗಿಹೋದರು.

"ನಾ ಮಗ್ಗ ಹಿಂದಿನ ಖೋಲಿಗೆ ಒಯ್ತೇನಿ."

"ಬ್ಯಾಡಲೇ, ನಾ ಒಲಿ ಸರಸ್ತೇನಿ."

"ನೀ ಯಾಕ ಸರಸ್ತಿ? ನಾನ ಒಯ್ತೇನಿ ಅಂದ್ನೆಲ್ಲ!"

ಮತ್ತೆ ಕೈಕೈ ಮಿಲಾಯಿಸುವುದೊಂದು ಬಾಕಿ!

ಊರಿಗೆಲ್ಲ ರಾಜಿ ಮಾಡಿಸುವ ಈ ಮಹಾತಾಯಿ ನನ್ನ ಹೆಂಡತಿಯೊಡನೆ ಮಾತು ಬಿಟ್ಟು ಮೂರು ವರ್ಷ. ಕಾರಣ, ನನ್ನ ಮಗಳ ಹೆಸರು. ತೊಟ್ಟಿಲ ಕಾರ್ಯದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು ತಾನೇ? ಹೆಂಡತಿ ಆರಿಸಿಟ್ಟಿದ್ದ ಹೆಸರು ಅನ್ವಿ. ಅಕ್ಕ ಬಗ್ಗಿ ಹೇಳಿದ್ದು ನೀಲವ್ವ! ಅಂದಿನಿಂದ ಅಕ್ಕ ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ. ಮಗಳು ಮಾತ್ರ ಎರಡೂ ಹೆಸರಿಗೆ ಓ ಎನ್ನುತ್ತಾಳೆ, ಕರೆದವರ ಕೈಯಲ್ಲಿ ಉಂಡಿ ಇದ್ದರೆ.

ನನಗೆ ಸಾಕಾಗಿತ್ತು. ಹೋದ ತಿಂಗಳು ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಅಕ್ಕನ ಮನೆಗೇ ಹೋಗಿ, ಆಕೆಯ ಕುರ್ಚಿಗಳನ್ನೇ ಎಳೆದು ಹಾಕಿ, "ಈಗ ನೀವಿಬ್ಬರೂ ಕೂಡ್ರಿ" ಎಂದೆ.

ಅಕ್ಕ ನನ್ನನ್ನು ದುರುಗುಟ್ಟಿ ನೋಡಿ, ಹೆಂಡತಿಯ ಕುರ್ಚಿಯಲ್ಲಿ ಕೂತಳು. "ಒಂಬತ್ತು ತಿಂಗಳು ಹೊತ್ತಾಕಿ ನಾ. ಹೆಸರು ಇಡೂದರಾಗ ನನ್ನ ಮಾತು ಯಾರೂ ಕೇಳಲಿಲ್ಲ" ಎಂದು ಹೇಳಿ ತಲೆ ತಗ್ಗಿಸಿದಳು.

ಹೆಂಡತಿ ಅಕ್ಕನ ಕುರ್ಚಿಯಲ್ಲಿ ಕೂತಳು. ಅಕ್ಕನೇ ಆಗಿ ಸಣ್ಣ ದನಿಯಲ್ಲಿ, "ನನ್ನ ಕೂಸು ಹುಟ್ಟಿದ ದಿನಾನ ಹೋತು. ಅದಕ್ಕಂತ ಇಟಗೊಂಡಿದ್ದ ಹೆಸರು ನನ್ನ ಬಾಯಾಗ ಉಳದಿತ್ತು. ತಮ್ಮನ ಮಗಳ ಕಿವ್ಯಾಗರ ಹೇಳಿದೆ" ಎಂದಳು.

ಎಷ್ಟೋ ವರ್ಷಗಳ ಹಿಂದೆ ಅಕ್ಕನ ಕೂಸು ಹೋದದ್ದು ಮನೆಯವರಿಗೆಲ್ಲ ಗೊತ್ತಿತ್ತು. ನೀಲವ್ವ ಎನ್ನುವುದು ಅದಕ್ಕೆಂದು ಇಟ್ಟುಕೊಂಡಿದ್ದ ಹೆಸರೆಂದು ಒಡಹುಟ್ಟಿದ ನನಗೇ ಹೊಳೆದಿರಲಿಲ್ಲ.

"ಇದನ್ನ ನಿನಗ ಯಾರ ಹೇಳಿದ್ರು?" ಅಕ್ಕ ತಲೆ ಎತ್ತಿ ಕೇಳಿದಳು.

"ಯಾರೂ ಹೇಳಿಲ್ರಿ ಅಕ್ಕಾರ. ಈ ಕುರ್ಚಿ ಮ್ಯಾಲೆ ಕುಂತಾಗ ತಿಳೀತು."

ಅಕ್ಕ ಅಳುತ್ತಲೇ ನನ್ನ ಮಗಳತ್ತ ಕೈಚಾಚಿ, ಮೊದಲ ಸಲ, "ಅನ್ವೀ, ಬಾರವ್ವಾ" ಎಂದು ಕರೆದಳು.