ಎಂಬತ್ತೆಂಟರ ಎಸೆತ

ಅಳತೆ ಮಾಡುವ ಕೆಲಸವನ್ನು ನನ್ನಂಥವರ ಕೈಗೆ ಕೊಡಬಾರದು. ಯಾರ ಮನಸ್ಸನ್ನೂ ನೋಯಿಸಬಾರದೆಂಬ ದುರ್ಬುದ್ಧಿ ನನಗೆ ಹುಟ್ಟಿನಿಂದಲೇ ಅಂಟಿಕೊಂಡಿದೆ. ಕಾರ್ಕಳದಲ್ಲಿ ನನಗೊಬ್ಬ ಟೈಲರ್ ಇದ್ದಾನೆ. ನನ್ನ ಸೊಂಟಕ್ಕೆ ಟೇಪು ಸುತ್ತಿದ ಮೇಲೆ ಸಂಖ್ಯೆಯನ್ನು ಬಾಯಿಬಿಟ್ಟು ಹೇಳದೆ, ಗೋಡೆಯ ಕಡೆ ತಿರುಗಿ ಬರೆದುಕೊಳ್ಳುತ್ತಾನೆ. ಇಂಥ ಸಜ್ಜನಿಕೆ ಲೋಕದಲ್ಲಿ ಹೆಚ್ಚಾಗಬೇಕೆಂದು ನಂಬಿದವನು ನಾನು. ಈ ನಂಬಿಕೆ ಕಳೆದ ತಿಂಗಳು ನನ್ನ ಹೆಂಡತಿಯ ಬೇಸ್‌ಬಾಲಿಗೇ ಸಂಚಕಾರ ತರುವುದರಲ್ಲಿತ್ತು.

ಬೇಸ್‌ಬಾಲ್ ಎಂದರೆ ನಮ್ಮ ಬೆಳ್ಮಣ್ಣಿನಲ್ಲಿ ಈಗಲೂ, "ಅದು ಎಂತ, ಲಗೋರಿಯ ಹಾಗಾ?" ಎಂದು ಕೇಳುವವರಿದ್ದಾರೆ. ಶಶಿಕಲಾ ಅವರಿಗೆಲ್ಲ ತಾಳ್ಮೆಯಿಂದ ವಿವರಿಸುತ್ತಾಳೆ. ಅವಳು ಕಾರ್ಕಳದ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿ. ಕಾಲೇಜು ದಿನಗಳಲ್ಲಿ ಮೈದಾನದ ತುದಿಯಲ್ಲಿ, ಅಂದರೆ ಔಟ್‌ಫೀಲ್ಡಿನಲ್ಲಿ ನಿಂತು ಆಡಿದವಳು. ಅಲ್ಲಿಂದ ಅವಳು ಎಸೆದ ಚೆಂಡು ನೆಲ ಮುಟ್ಟದೆ ಬರುತ್ತಿತ್ತೆಂದು ಅವಳ ಗೆಳತಿಯರು ನಮ್ಮ ಮದುವೆಯ ಊಟದ ಪಂಕ್ತಿಯಲ್ಲೇ ಹೇಳಿ ನನ್ನನ್ನು ಹೆದರಿಸಿದ್ದರು. ಆಮೇಲೆ ಸಂಸಾರ, ಮಗಳು, ಬಲಭುಜದ ನೋವು ಎಂದು ಹದಿನಾರು ವರ್ಷ ಅವಳು ಚೆಂಡು ಮುಟ್ಟಲಿಲ್ಲ. ಮಣಿಪಾಲದಲ್ಲಿ ಮಹಿಳೆಯರ ತಂಡ ಕಟ್ಟುತ್ತಿದ್ದಾರೆಂಬ ಸುದ್ದಿ ಬಂದ ದಿನ ಅಟ್ಟದಿಂದ ಹಳೆಯ ಗ್ಲೌಸ್ ಇಳಿಸಿ, ಅದಕ್ಕೆ ತೆಂಗಿನೆಣ್ಣೆ ತಿಕ್ಕುತ್ತಾ ಕುಳಿತಳು. "ನಲ್ವತ್ತಕ್ಕೆ ಇನ್ನು ಎರಡೇ ವರ್ಷ ಉಂಟು. ಈಗ ಆಗದಿದ್ರೆ ಮತ್ತೆ ಆಗುವುದಿಲ್ಲ," ಎಂದಳು. ಅವಳ ಮುಖದಲ್ಲಿ ಅಷ್ಟೊಂದು ಆಸೆಯನ್ನು ನಾನು ನೋಡಿ ಬಹಳ ಕಾಲವಾಗಿತ್ತು. ನೋಡಿ ಖುಷಿಯಾಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಆಯ್ಕೆಗೆ ಬಂದವರು ಯಾವುದಾದರೂ ಒಂದೇ ಜಾಗಕ್ಕೆ ಸ್ಪರ್ಧಿಸಬೇಕಿತ್ತು. ಔಟ್‌ಫೀಲ್ಡಿನವರ ಎಸೆತ ಗಂಟೆಗೆ ಎಂಬತ್ತೈದು ಕಿಲೋಮೀಟರ್ ದಾಟಬೇಕು. ನಾಲ್ಕು ಹೆಜ್ಜೆ ಓಡಿಬಂದು ಮೈಯ ಭಾರವನ್ನೆಲ್ಲ ಹಾಕಿ ಎಸೆಯಲು ಅವರಿಗೆ ಪುರುಸೊತ್ತು ಇರುತ್ತದೆ. ಮೈದಾನದ ಒಳಭಾಗದಲ್ಲಿ, ಓಡುವವರು ಮುಟ್ಟಿ ಹೋಗಬೇಕಾದ ಎರಡನೇ ಬೇಸಿನ ಹತ್ತಿರ ನಿಲ್ಲುವವರಿಗೆ ಆ ಭಾಗ್ಯವಿಲ್ಲ. ಚೆಂಡನ್ನು ಬಗ್ಗಿ ಹೆಕ್ಕಿದಲ್ಲಿಂದಲೇ ಬಿಸಾಡಬೇಕು. ಅವರಿಗೆ ಅರುವತ್ತು ಸಾಕು, ಆದರೆ ಚೆಂಡು ಕೈಯಲ್ಲಿ ಉಳಿಯಬಾರದು. ಶಶಿಗೆ ಬೇಕಾದದ್ದು ತನ್ನ ಹಳೆಯ ಔಟ್‌ಫೀಲ್ಡೇ. ವೇಗ ಅಳೆಯುವುದಕ್ಕೆ ಅವಳು ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಸಿದಳು. ಚೆಂಡು ಕೈಬಿಟ್ಟಾಗ ಒಮ್ಮೆ, ಶಾಲೆಯ ಮುರಕಲ್ಲಿನ ಗೋಡೆಗೆ ಬಡಿದಾಗ ಒಮ್ಮೆ ಹೆಬ್ಬೆರಳಿನಿಂದ ಒತ್ತಬೇಕು. ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷಗಳಿಂದ ಪುಸ್ತಕಗಳಿಗೆ ಠಸ್ಸೆ ಒತ್ತುತ್ತಾ ಬಂದ ನನಗಿಂತ ಯೋಗ್ಯರು ಬೇರೆ ಯಾರು?

ಮೊದಲ ಸಂಜೆ ಎಪ್ಪತ್ತೆರಡು ಬಂತು. ಶಶಿ ಭುಜ ಹಿಡಿದುಕೊಂಡೇ ಓಡಿಬಂದಳು. ಅವಳ ಕನ್ನಡಕ ಚೀಲದಲ್ಲಿತ್ತು. "ಎಷ್ಟು ಬಂತು?"

"ಎಂಬತ್ತು."

ದೇವರಾಣೆ, ಹೇಳಿದ್ದು ನಾನಲ್ಲ, ನನ್ನ ಬಾಯಿ. ಅವಳು ಮಗುವಿನ ಹಾಗೆ ನಕ್ಕಳು. ಒಮ್ಮೆ ಎಂಬತ್ತು ಎಂದ ಮೇಲೆ ಮರುದಿನ ಇಳಿಸುವುದು ಹೇಗೆ? ಎರಡು ವಾರಗಳಲ್ಲಿ ಅವಳ ಎಸೆತ ಮೂರು ಕಿಲೋಮೀಟರ್ ಏರಿತು, ನನ್ನ ಬಾಯಲ್ಲಿ ಎಂಟು ಏರಿತು. ನಡುವೆ ಒಂದು ದಿನ ಅವಳು ಸುಮ್ಮನೆ, ಬದಲಾವಣೆಗೆಂದು, ಎರಡನೇ ಬೇಸಿನವರ ಹಾಗೆ ಹತ್ತಿರದಿಂದ, ಹೆಕ್ಕಿದಲ್ಲಿಂದಲೇ ಎಸೆದಳು. ನಾನು ಮೊಬೈಲ್ ಸರಿಮಾಡಿಕೊಳ್ಳುವುದರೊಳಗೆ ಚೆಂಡು ಗೋಡೆಗೆ ಬಡಿದು ವಾಪಸು ಹೊರಟಿತ್ತು. "ಒತ್ಲಿಕ್ಕೇ ಪುರುಸೊತ್ತು ಸಿಗ್ಲಿಲ್ಲ ಮಾರಾಯ್ತಿ," ಎಂದೆ. ಆ ಎರಡು ವಾರಗಳಲ್ಲಿ ನಾನಾಡಿದ ಒಂದೇ ಒಂದು ಸತ್ಯ ಅದು.

ಅಷ್ಟರಲ್ಲಿ, ಆಯ್ಕೆಯ ದಿನ ನಿಜವಾದ ಯಂತ್ರ ತರುತ್ತಾರೆ, ವೇಗವನ್ನು ಎಲ್ಲರಿಗೂ ಕಾಣುವಂತೆ ಬೋರ್ಡಿನಲ್ಲಿ ಬರೆಯುತ್ತಾರೆ ಎಂದು ತಿಳಿಯಿತು. ನನಗೆ ಊಟ ಸೇರದಾಯಿತು. ಅಷ್ಟು ಜನರ ಎದುರು ಶಶಿ ಎಸೆಯುತ್ತಾಳೆ, ಎಪ್ಪತ್ತೈದು ಎಂದು ಬರೆಯುತ್ತಾರೆ, ಅವಳು ತಿರುಗಿ ನನ್ನನ್ನು ನೋಡುತ್ತಾಳೆ. ಬೆಳಿಗ್ಗೆ ನೀರುದೋಸೆ ಮುರಿಯುತ್ತಾ ಮೆಲ್ಲಗೆ ಪೀಠಿಕೆ ಹಾಕಿದೆ, "ಸೆಕೆಂಡ್ ಬೇಸ್ ಕೂಡ ಒಳ್ಳೆಯ ಜಾಗ ಅಲ್ವಾ?"

"ಎಂಬತ್ತೆಂಟು ಎಸೆಯುವವಳು ಅಲ್ಲಿಗೆ ಯಾಕೆ ಹೋಗ್ಬೇಕು?" ಎಂದು ಅವಳು ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. ನಾನು ಅದನ್ನೂ ತಿಂದೆ, ಮಾತನ್ನೂ ನುಂಗಿದೆ.

ಆಯ್ಕೆಯ ದಿನ ಮಣಿಪಾಲದ ಮೈದಾನದಲ್ಲಿ ಎಲ್ಲರೂ ಸಾಲು ನಿಂತಾಗ ನನಗೆ ತಡೆಯಲಾಗಲಿಲ್ಲ. "ಶಶೀ, ಒಂದು ವಿಷಯ ಹೇಳ್ಬೇಕಿತ್ತು," ಎಂದೆ. "ಈಗ ಪುರುಸೊತ್ತಿಲ್ಲ, ಮತ್ತೆ ಹೇಳಿ," ಎಂದು ಅವಳು ಶೂಸಿನ ಲೇಸು ಬಿಗಿದು ಹೊರಟಳು. ಔಟ್‌ಫೀಲ್ಡಿನ ಸಾಲನ್ನು ಒಂದು ಕ್ಷಣ ನಿಂತು ನೋಡಿದಳು. ಆಮೇಲೆ ಅದನ್ನು ದಾಟಿ ಹೋಗಿ, ಎರಡನೇ ಬೇಸಿನವರ ಸಾಲಿನಲ್ಲಿ ನಿಂತಳು. ಐದು ಚೆಂಡು ಹೆಕ್ಕಿದಳು, ಐದನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಟ್ಟಳು. ಬೋರ್ಡಿನಲ್ಲಿ ಅರುವತ್ತಾರು ಎಂದು ಬರೆದರು. ಕೋಚ್ ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ಅವಳ ಹೆಸರಿಗೆ ಗುರುತು ಹಾಕಿದರು. ನಾನು ಯಾರಿಗೂ ಕಾಣದಂತೆ ಕಣ್ಣು ಒರೆಸಿಕೊಂಡೆ.

ಊರಿಗೆ ಮರಳುವ ಬಸ್ಸಿನಲ್ಲಿ ಕೇಳಿದೆ, "ಔಟ್‌ಫೀಲ್ಡ್ ಯಾಕೆ ಬಿಟ್ಟೆ?"

"ಹೋದ ವಾರ ನಾನು ಎಸೆದಾಗ ನೀವು ಎಂಬತ್ತೆಂಟು ಅಂದ್ರಲ್ಲ, ಆವಾಗ ಅಮ್ಮನಿಗೆ ಫೋನ್ ಮಾಡುವ ಅಂತ ನಿಮ್ಮ ಮೊಬೈಲ್ ತೆಕ್ಕೊಂಡೆ. ಚಾರ್ಜ್ ಮುಗಿದು ಆಫ್ ಆಗಿತ್ತು ಮಾರಾಯ್ರೆ."

ನನ್ನ ಕಿವಿ ಬಿಸಿಯಾಯಿತು. "ಮತ್ತೆ ಯಾಕೆ ಸುಮ್ಮನಿದ್ದೆ?"

"ಕೇಳ್ಲಿಕ್ಕೆ ಖುಷಿ ಆಗ್ತಿತ್ತು," ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಸ್ವಲ್ಪ ದೂರ ಹೋದ ಮೇಲೆ ನನ್ನ ಕೈ ಹಿಡಿದು, "ಈಗಾದ್ರೂ ನಿಜ ಹೇಳಿ. ನನಗೆ ಬೇಜಾರಿಲ್ಲ. ಸರಿಯಾಗಿ ಎಷ್ಟು ಬರ್ತಿತ್ತು?" ಎಂದು ಕೇಳಿದಳು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅವಳ ಮುಖವನ್ನೇ ನೋಡಿಕೊಂಡು, ಎದೆ ಗಟ್ಟಿಮಾಡಿ ಹೇಳಿಯೇಬಿಟ್ಟೆ.

"ಎಪ್ಪತ್ತೊಂಬತ್ತು."